ಓದುಗರ ಪ್ರಶ್ನೆ: ಐರಿಷ್ ಸೆನೆಟರ್ ಸದನದಲ್ಲಿ ಏನು ಮಾಡಿದರೆಂದು ತಿಳಿಯುವುದು ಹೇಗೆ?

ಐರ್ಲೆಂಡ್‌ನ ಮೇಲ್ಮನೆಯ ಬಗ್ಗೆ ಮುಂಬೈ, ಪುಣೆ, ಗೋವಾಗಳಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಅಲ್ಲಿ ಮೇಲ್ಮನೆಗೆ ಶ್ಯಾನಡ್ ಎಂದೂ ಕೆಳಮನೆಗೆ ಡಾಲ್ ಎಂದೂ ಹೆಸರು. ಕೆಳಮನೆಯ ಸದಸ್ಯರನ್ನು ಟಿಡಿ ಎನ್ನುತ್ತಾರೆ, ಪ್ರಧಾನಿಯನ್ನು ಟೀಶಕ್ ಎನ್ನುತ್ತಾರೆ.

ಮಗಳು ಡಬ್ಲಿನ್‌ನಲ್ಲಿ ಎಂ.ಎಸ್. ಮುಗಿಸಿ ಅಲ್ಲೇ ಕೆಲಸ ಹುಡುಕುತ್ತಿದ್ದಾಳೆ. ಅಲ್ಲಿನ ಸೆನೆಟರ್ ಒಬ್ಬರು ವಿದೇಶಿ ಕೆಲಸಗಾರರ ಪರವಾಗಿ ಸದನದಲ್ಲಿ ನೂರಾರು ಸಲ ಮಾತಾಡಿದ್ದಾರಂತೆ. ಅದು ನಿಜವೇ ಎಂದು ಇಲ್ಲಿಂದಲೇ ನೋಡಬಹುದೇ? (ಡೊಂಬಿವಲಿ)

ನೋಡಬಹುದು. 1922ರಿಂದ ಇಂದಿನವರೆಗಿನ ಶ್ಯಾನಡ್ ನಡಾವಳಿ ಐರಿಷ್ ಸಂಸತ್ತಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲು ಸದನ ಯಾವುದೆಂದು ಆರಿಸಿ, ಆಮೇಲೆ ಅವಧಿಯನ್ನು ಆರಿಸಿ. 2016ರಿಂದ 2020ರವರೆಗಿನದು 25ನೇ ಶ್ಯಾನಡ್, 2020ರಿಂದ 2025ರವರೆಗಿನದು 26ನೆಯದು, ಈಗಿನದು 27ನೆಯದು. ಕೊನೆಗೆ ಸದಸ್ಯರ ಹೆಸರು. ಐರಿಷ್ ಹೆಸರುಗಳಲ್ಲಿ ಸ್ವರಗಳ ಮೇಲೆ ಓರೆಗೀಟು ಇರುತ್ತದೆ. ಬೆರಳಚ್ಚು ಮಾಡಿ ಹುಡುಕುವಾಗ ಗೀಟು ಹಾಕಿ ಒಮ್ಮೆ, ಹಾಕದೆ ಒಮ್ಮೆ ಹುಡುಕಿ. ಪಟ್ಟಿಯಿಂದಲೇ ಹೆಸರು ಆರಿಸಿದರೆ ಆ ತೊಂದರೆಯಿಲ್ಲ. ಅವರು ಮುಂದೆ ಟಿಡಿಯಾಗಿ ಆರಿಸಿ ಹೋಗಿದ್ದರೆ ಆ ಮಾತುಗಳು ಡಾಲ್‌ನ ಲೆಕ್ಕದಲ್ಲಿ ಇರುತ್ತವೆ, ಅಲ್ಲಿ ಬೇರೆಯಾಗಿ ಹುಡುಕಬೇಕು.

ಎಣಿಕೆಯನ್ನು ಮಾತ್ರ ನಂಬಬೇಡಿ. ವರದಿಯಲ್ಲಿ ಸದಸ್ಯರ ಹೆಸರು ಎಷ್ಟು ಸಲ ಬಂದಿದೆಯೋ ಅಷ್ಟು 'ಮಾತು' ಎಂದು ಎಣಿಸುವುದುಂಟು. ಒಂದೇ ಭಾಷಣಕ್ಕೆ ಯಾರಾದರೂ ಮೂರು ಸಲ ಅಡ್ಡಬಂದರೆ ಅದು ನಾಲ್ಕಾಗುತ್ತದೆ. ಸಭಾಪತಿ ಪೀಠದಲ್ಲಿ ಕೂತವರ ಲೆಕ್ಕವಂತೂ ತಾನಾಗಿ ಬೆಳೆಯುತ್ತದೆ.

ಎಣಿಸುವ ಬದಲು ಮಾತುಗಳನ್ನು ಬಗೆಯ ಪ್ರಕಾರ ಬೇರೆ ಮಾಡಿಕೊಳ್ಳಿ. ದಿನದ ಕಾರ್ಯಕಲಾಪ ಗೊತ್ತುಮಾಡುವ ಹೊತ್ತಿನಲ್ಲಿ ಸೆನೆಟರ್‌ಗಳು ರಸ್ತೆ, ಆಸ್ಪತ್ರೆ, ಬಾಡಿಗೆ, ವೀಸಾ ಎಂದು ಮನಸ್ಸಿಗೆ ಬಂದದ್ದನ್ನೆಲ್ಲ ಎತ್ತುತ್ತಾರೆ. ನಮ್ಮ ಶೂನ್ಯ ವೇಳೆಗೆ ಇದು ಹತ್ತಿರ. ಅಲ್ಲಿ ಇಲಾಖೆಯ ಸಚಿವರು ಇರುವುದಿಲ್ಲ, ಸಭಾನಾಯಕರು ಎಲ್ಲಕ್ಕೂ ಸೇರಿಸಿ ಉತ್ತರ ಕೊಡುತ್ತಾರೆ. ಅಲ್ಲಿ ಸಿಕ್ಕ ಒಳ್ಳೆಯ ಮಾತನ್ನು ಸರ್ಕಾರದ ಭರವಸೆ ಎಂದುಕೊಂಡು ಮಗಳು ಯೋಜನೆ ಹಾಕಬಾರದು.

ಮಸೂದೆಯ ಚರ್ಚೆಯಲ್ಲಿ ಐದು ಹಂತ. ಮೊದಲನೆಯದು ಮಂಡನೆ. ಎರಡನೆಯದರಲ್ಲಿ ಮಸೂದೆಯ ತತ್ತ್ವ ಸರಿಯೇ ಎಂಬ ಚರ್ಚೆ. ಮೂರನೆಯದು ಸಮಿತಿ ಹಂತ, ಅಲ್ಲಿ ಒಂದೊಂದೇ ಕಲಮನ್ನು ತೆಗೆದುಕೊಳ್ಳುತ್ತಾರೆ. ನಾಲ್ಕನೆಯದು ವರದಿ ಹಂತ, ಐದನೆಯದು ಅಂತಿಮ. ಎರಡನೇ ಹಂತದ ಭಾಷಣಗಳು ಕೇಳಲು ಚೆನ್ನ, ಪತ್ರಿಕೆಗಳಲ್ಲಿ ಬರುವುದೂ ಅವೇ. ಆದರೆ ಸೆನೆಟರ್ ಮನೆಪಾಠ ಮಾಡಿಕೊಂಡು ಬಂದಿದ್ದಾರೋ ಇಲ್ಲವೋ ಎಂಬುದು ಮೂರನೇ ಹಂತದಲ್ಲೇ ಗೊತ್ತಾಗುತ್ತದೆ. ಸಮಯ ಕಡಿಮೆಯಿದ್ದರೆ ಅದೊಂದನ್ನೇ ಓದಿ.

ಅಲ್ಲಿ ಪ್ರತಿ ತಿದ್ದುಪಡಿಗೂ ಒಂದು ಸಂಖ್ಯೆ ಇರುತ್ತದೆ. ಅದರ ಕೊನೆಯಲ್ಲಿ ಒಪ್ಪಿಗೆಯಾಯಿತೋ, ಬಿತ್ತೋ, ಹಿಂತೆಗೆದರೋ ಎಂದು ಬರೆದಿರುತ್ತದೆ. ಹಿಂತೆಗೆದದ್ದೆಲ್ಲ ಸೋಲಲ್ಲ. 'ವರದಿ ಹಂತದೊಳಗೆ ನೋಡೋಣ' ಎಂದು ಸಚಿವರು ಹೇಳಿದಾಗ, ಮತ್ತೆ ಮಂಡಿಸುವ ಹಕ್ಕು ಉಳಿಸಿಕೊಂಡು ಸೆನೆಟರ್ ಹಿಂತೆಗೆಯುತ್ತಾರೆ. ಆಮೇಲೆ ಅದೇ ಅರ್ಥದ ಸಾಲು ಸರ್ಕಾರದ ತಿದ್ದುಪಡಿಯಾಗಿ, ಸಚಿವರ ಹೆಸರಿನಲ್ಲಿ ಬರಬಹುದು. ಹಾಗೆ ಬಂದರೆ ಅದು ಸೆನೆಟರ್ ಗೆದ್ದಂತೆ, ಯಾವ ಎಣಿಕೆಯಲ್ಲೂ ಸಿಗದಿದ್ದರೂ ಸರಿ. ಆದ್ದರಿಂದ ಮೂರನೇ ಮತ್ತು ನಾಲ್ಕನೇ ಹಂತಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು.

ಇನ್ನೊಂದು ಬಗೆಯ ತಿದ್ದುಪಡಿಯನ್ನು ಓದುಗರು ಹಗುರವಾಗಿ ಕಾಣುತ್ತಾರೆ: 'ಸಚಿವರು ಇಷ್ಟು ತಿಂಗಳೊಳಗೆ ಈ ವಿಷಯದ ಮೇಲೆ ವರದಿ ಮಂಡಿಸತಕ್ಕದ್ದು.' ಬೊಕ್ಕಸಕ್ಕೆ ಖರ್ಚು ತರುವ ತಿದ್ದುಪಡಿಯನ್ನು ಸೆನೆಟರ್ ತಂದರೆ ಸಭಾಪತಿ ನಿಯಮಬಾಹಿರವೆಂದು ತಳ್ಳಿಹಾಕುತ್ತಾರೆ, ಚರ್ಚೆಗೇ ಬರುವುದಿಲ್ಲ. ವರದಿ ಕೇಳಿದರೆ ಆ ಅಡ್ಡಿ ಇರುವುದಿಲ್ಲ, ವಿಷಯವೂ ಸದನದ ಮುಂದೆ ಬರುತ್ತದೆ. ಅದು ಅಳುಕಲ್ಲ, ಕಾರ್ಯವಿಧಾನ ಬಲ್ಲವರ ಉಪಾಯ.

ನಿಮ್ಮ ವಿಷಯಕ್ಕೆ ಬೇಕಾದ ಮಾತು ಇನ್ನೊಂದಿದೆ. ಐರ್ಲೆಂಡ್‌ನ ಕೆಲಸದ ಪರವಾನಗಿ ಕಾಯ್ದೆ 2024ರದು, ಆದರೆ ಮಸೂದೆ 2022ರದು. ಚರ್ಚೆಯೆಲ್ಲ 'ಎಂಪ್ಲಾಯ್‌ಮೆಂಟ್ ಪರ್ಮಿಟ್ಸ್ ಬಿಲ್ 2022' ಎಂಬ ಹೆಸರಿನಲ್ಲೇ ಇದೆ. ಕಾಯ್ದೆಯ ಹೆಸರು, ವರ್ಷ ಹಾಕಿ ಹುಡುಕಿ, ಏನೂ ಸಿಗಲಿಲ್ಲ, ಆ ಸೆನೆಟರ್ ಬಾಯೇ ಬಿಟ್ಟಿಲ್ಲ ಎಂದು ತೀರ್ಮಾನಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಓದು ಮುಗಿದ ಮೇಲೆ ಉಳಿಯುವ ಅನುಮತಿ ನ್ಯಾಯ ಇಲಾಖೆಯದು, ಕೆಲಸದ ಪರವಾನಗಿ ಉದ್ಯಮ ಇಲಾಖೆಯದು. ಎರಡನ್ನೂ ಬೇರೆಬೇರೆ ಹುಡುಕಿ.

ರಾಜ್ಯಸಭೆಯಂತೆ ಶ್ಯಾನಡ್‌ನಲ್ಲೂ ಪ್ರಶ್ನೋತ್ತರ ವೇಳೆ ಇದೆಯೇ? (ಮಾಟುಂಗ, ಕಾನೂನು ವಿದ್ಯಾರ್ಥಿನಿ)

ಇಲ್ಲ. ಸಚಿವರಿಗೆ ಸಂಸದೀಯ ಪ್ರಶ್ನೆ ಹಾಕುವ ಅಧಿಕಾರ ಟಿಡಿಗಳಿಗೆ ಮಾತ್ರ. ಸೆನೆಟರ್‌ಗೆ ಇರುವ ದಾರಿ 'ಕಮೆನ್ಸ್‌ಮೆಂಟ್ ಮ್ಯಾಟರ್ಸ್'. ಕಲಾಪದ ಆರಂಭದಲ್ಲೇ, ಮೊದಲೇ ಸೂಚನೆ ಕೊಟ್ಟ ಕೆಲವೇ ವಿಷಯಗಳನ್ನು ಸಭಾಪತಿ ಆರಿಸುತ್ತಾರೆ. ಸೆನೆಟರ್ ವಿಷಯ ಹೇಳುತ್ತಾರೆ, ಸಚಿವರು ಉತ್ತರಿಸುತ್ತಾರೆ, ಸೆನೆಟರ್‌ಗೆ ಮತ್ತೊಮ್ಮೆ ಚಿಕ್ಕ ಅವಕಾಶ. ಬರುವುದು ಎಷ್ಟೋ ಸಲ ಬೇರೆ ಇಲಾಖೆಯ ಕಿರಿಯ ಸಚಿವರು, ಓದುವುದು ಅಧಿಕಾರಿಗಳು ಬರೆದುಕೊಟ್ಟ ಉತ್ತರ. ಆದ್ದರಿಂದ ಮೊದಲ ಉತ್ತರವನ್ನು ಬೇಗ ಓದಿ ಮುಗಿಸಿ, ಎರಡನೇ ಸುತ್ತಿನ ಮೇಲೆ ಕಣ್ಣಿಡಿ. ಹಿಡಿದ ಪಟ್ಟು ಬಿಡದ ಸೆನೆಟರ್ ಅಲ್ಲಿ ಒಂದು ತಾರೀಖು, ಒಂದು ಮೊತ್ತ, ಕಡೇಪಕ್ಷ 'ಸಚಿವರ ಗಮನಕ್ಕೆ ತಂದು ಲಿಖಿತ ಉತ್ತರ ಕೊಡಿಸುತ್ತೇನೆ' ಎಂಬ ಮಾತು ದಾಖಲೆಗೆ ಬರುವಂತೆ ಮಾಡುತ್ತಾರೆ.

ಪ್ರಬಂಧ ಬರೆಯುವವರು ಜಂಟಿ ಸಮಿತಿಗಳ ನಡಾವಳಿಯನ್ನೂ ನೋಡಲೇಬೇಕು. ಎರಡೂ ಸದನಗಳ ಸದಸ್ಯರು ಕೂತು ಅಧಿಕಾರಿಗಳನ್ನು, ತಜ್ಞರನ್ನು ನೇರವಾಗಿ ಪ್ರಶ್ನಿಸುವ ಜಾಗ ಅದು. ಶ್ಯಾನಡ್ ಎಂದು ಆರಿಸಿ ಹುಡುಕಿದರೆ ಇವು ಕಾಣುವುದಿಲ್ಲ. ಸದನದಲ್ಲಿ ಕಡಿಮೆ ಮಾತಾಡಿ ಸಮಿತಿಯಲ್ಲಿ ದುಡಿಯುವ ಸೆನೆಟರ್‌ಗಳಿಗೆ ಇದರಿಂದ ಅನ್ಯಾಯವಾಗುತ್ತದೆ.

ಪುಣೆ ಪದವೀಧರ ಕ್ಷೇತ್ರದಲ್ಲಿ ನನ್ನ ಮತವಿದೆ. ಐರ್ಲೆಂಡ್‌ನಲ್ಲೂ ಪದವೀಧರರೇ ಸೆನೆಟರ್‌ಗಳನ್ನು ಆರಿಸುತ್ತಾರೆಂದು ಕೇಳಿದ್ದೇನೆ. ಹೌದೇ? (ಕೋಥ್ರುಡ್)

ಆರು ಮಂದಿಯನ್ನು ಮಾತ್ರ. ಶ್ಯಾನಡ್‌ನ 60 ಸ್ಥಾನಗಳಲ್ಲಿ 43 ಐದು ವೃತ್ತಿ ಗುಂಪುಗಳಿಗೆ: ಆಡಳಿತ 7, ಕೃಷಿ 11, ಸಂಸ್ಕೃತಿ ಮತ್ತು ಶಿಕ್ಷಣ 5, ಉದ್ದಿಮೆ ಮತ್ತು ವಾಣಿಜ್ಯ 9, ಕಾರ್ಮಿಕ 11. ಟೀಶಕ್ ನಾಮಕರಣ ಮಾಡುವವರು 11. ಉಳಿದ 6ರಲ್ಲಿ ಮೂರು ನ್ಯಾಷನಲ್ ಯೂನಿವರ್ಸಿಟಿಗೆ, ಮೂರು ಟ್ರಿನಿಟಿ ಕಾಲೇಜಿನ ಡಬ್ಲಿನ್ ವಿಶ್ವವಿದ್ಯಾಲಯಕ್ಕೆ. ಬೇರೆ ಸಂಸ್ಥೆಗಳ ಪದವೀಧರರಿಗೂ ಮತ ಕೊಡಬಹುದೆಂದು 1979ರಲ್ಲೇ ಸಂವಿಧಾನ ತಿದ್ದಿದ್ದರು. ಅದು ಕಾನೂನಾಗಲು 2023ರ ಸುಪ್ರೀಂ ಕೋರ್ಟ್ ತೀರ್ಪು ಬೇಕಾಯಿತು. 2024ರ ಕಾಯ್ದೆ ಆರೂ ಸ್ಥಾನಗಳನ್ನು ಒಂದೇ ಉನ್ನತ ಶಿಕ್ಷಣ ಕ್ಷೇತ್ರಕ್ಕೆ ಸೇರಿಸಿದೆ. 2025ರ ಚುನಾವಣೆ ಹಳೆಯ ಕ್ರಮದಲ್ಲೇ ನಡೆಯಿತು. ಪುಣೆಯಲ್ಲಿ ಮತದಾರ ಕ್ಷೇತ್ರದಲ್ಲಿ ವಾಸವಾಗಿರಬೇಕು. ಅಲ್ಲಿ ಐರಿಷ್ ಪೌರತ್ವವಿರುವ ಪದವೀಧರರು ಯಾವ ದೇಶದಲ್ಲಿದ್ದರೂ ಅಂಚೆಯಲ್ಲಿ ಮತ ಹಾಕಬಹುದು.

43 ಸ್ಥಾನಗಳ ಮತದಾರರು ಯಾರು ಎಂಬುದು ಭಾಷಣಗಳನ್ನು ಅರ್ಥಮಾಡಿಕೊಳ್ಳಲು ತುಂಬ ಮುಖ್ಯ. ಹೊಸ ಡಾಲ್‌ನ 174 ಟಿಡಿಗಳು, ನಿರ್ಗಮಿಸುವ ಸೆನೆಟರ್‌ಗಳು, 949 ಕೌಂಟಿ ಮತ್ತು ನಗರ ಕೌನ್ಸಿಲರ್‌ಗಳು, ಇಷ್ಟೇ. ಐದೂ ಗುಂಪುಗಳಿಗೆ ಒಂದೊಂದು ಮತಪತ್ರ. ಮತದಾರರು ಇಷ್ಟು ಕಡಿಮೆಯಾದ್ದರಿಂದ ಎಣಿಕೆಯಲ್ಲಿ ಪ್ರತಿ ಮತಪತ್ರಕ್ಕೂ 1,000 ಮೌಲ್ಯ ಕೊಟ್ಟು, ಹೆಚ್ಚುವರಿ ಮತ ವರ್ಗಾಯಿಸುವಾಗ ಭಿನ್ನರಾಶಿಯ ತಲೆನೋವು ತಪ್ಪಿಸುತ್ತಾರೆ. ಕೃಷಿ ಗುಂಪಿನ ಸೆನೆಟರ್ ಕೃಷಿ ಬಿಟ್ಟು ಯಾವುದೋ ಊರಿನ ಬೈಪಾಸ್ ರಸ್ತೆಯ ಬಗ್ಗೆ ಮಾತಾಡುವುದೇಕೆ ಎಂದು ಹೊಸ ಓದುಗರಿಗೆ ಅಚ್ಚರಿಯಾಗುತ್ತದೆ. ಅವರನ್ನು ಆರಿಸಿದ್ದು ಕೌನ್ಸಿಲರ್‌ಗಳು. ಮಹಾರಾಷ್ಟ್ರ ಪರಿಷತ್ತಿನಲ್ಲಿ ಸ್ಥಳೀಯ ಸಂಸ್ಥೆಗಳಿಂದ ಬಂದ 22 ಮಂದಿಯ ಮಾತು ಕೇಳಿದವರಿಗೆ ಇದು ಹೊಸದೇನಲ್ಲ.

ಒಬ್ಬ ಸೆನೆಟರ್‌ನ ದಾಖಲೆಯಲ್ಲಿ 2020ರ ಏಪ್ರಿಲ್‌ನಿಂದ ಜೂನ್ ಕೊನೆಯವರೆಗೆ ಸದನದ ಮಾತು ಇಲ್ಲದಿದ್ದರೆ ಸೋಮಾರಿತನವೆಂದು ಬರೆಯಬೇಡಿ. ಸರ್ಕಾರ ರಚನೆ ತಡವಾಗಿ 11 ನಾಮಕರಣ ಬಾಕಿ ಉಳಿದಿತ್ತು. 60 ಮಂದಿ ಪೂರ್ತಿಯಾಗದೆ ಹೊಸ ಶ್ಯಾನಡ್ ಕಾನೂನು ಮಾಡುವಂತಿಲ್ಲ ಎಂದು ಅಲ್ಲಿನ ಹೈಕೋರ್ಟ್ ಹೇಳಿತು. ಮಹಾರಾಷ್ಟ್ರದಲ್ಲಿ 12 ನಾಮಕರಣ ಸ್ಥಾನಗಳು ವರ್ಷಗಟ್ಟಲೆ ಖಾಲಿಯಿದ್ದಾಗಲೂ ಪರಿಷತ್ತು ನಡೆಯಿತೆಂಬುದನ್ನು ನೆನೆದರೆ ಎರಡು ಸಂವಿಧಾನಗಳ ವ್ಯತ್ಯಾಸ ತಿಳಿಯುತ್ತದೆ.

ಗೋವಾದಲ್ಲಿ 40 ಶಾಸಕರ ಒಂದೇ ಸದನ, ಕೆಲಸ ನಡೆಯುತ್ತಿದೆ. ಏನನ್ನೂ ತಡೆಯಲಾರದ ಸೆನೆಟರ್‌ನ ಭಾಷಣದಿಂದ ಆಗುವುದೇನು? (ವಾಸ್ಕೊ)

ತಡೆಯುವ ಬಲ ಕಡಿಮೆ ಎಂಬುದು ನಿಜ. ಹಣಕಾಸು ಮಸೂದೆಗೆ ಶ್ಯಾನಡ್ 21 ದಿನದೊಳಗೆ ಶಿಫಾರಸು ಮಾಡಬಹುದು, ತಿದ್ದುವಂತಿಲ್ಲ. ನಮ್ಮ ರಾಜ್ಯಸಭೆಗೆ ಇರುವುದು 14 ದಿನ. ಉಳಿದ ಮಸೂದೆಗಳನ್ನು 90 ದಿನ ತಡೆಹಿಡಿಯಬಹುದು. 1937ರ ಸಂವಿಧಾನ ಬಂದ ಮೇಲೆ ಶ್ಯಾನಡ್ ಸರ್ಕಾರದ ಮಸೂದೆಯನ್ನು ತಿರಸ್ಕರಿಸಿದ್ದು ತೀರಾ ಅಪರೂಪ. ಅದರಲ್ಲಿ ದೊಡ್ಡದು 1959ರದು. ಪ್ರಮಾಣಾನುಗುಣ ಚುನಾವಣಾ ಪದ್ಧತಿಯನ್ನು ತೆಗೆಯುವ ಸಂವಿಧಾನ ತಿದ್ದುಪಡಿಯನ್ನು ಶ್ಯಾನಡ್ ಒಪ್ಪಲಿಲ್ಲ. ಅದನ್ನು ಮೀರಿ ಮಸೂದೆ ಜನಮತಕ್ಕೆ ಹೋಯಿತು, ಜನ ಅದೇ ವರ್ಷ ಅದನ್ನು ಸೋಲಿಸಿದರು.

ಭಾಷಣದ ಫಲ ತಡವಾಗಿ ಸಿಗುವುದೂ ಉಂಟು. ಕವಿ ಡಬ್ಲ್ಯೂ. ಬಿ. ಯೇಟ್ಸ್ 1922ರಿಂದ 1928ರವರೆಗೆ ಸೆನೆಟರ್ ಆಗಿದ್ದರು. ವಿಚ್ಛೇದನದ ಹಕ್ಕನ್ನು ಕಿತ್ತುಕೊಳ್ಳುವುದನ್ನು ವಿರೋಧಿಸಿ 1925ರ ಜೂನ್‌ನಲ್ಲಿ ಅವರು ಮಾತಾಡಿದರು. ಅಲ್ಲಿ ವಿಚ್ಛೇದನ ನಿಷೇಧ ಹೋದದ್ದು 1995ರ ಜನಮತದಿಂದ. ಮೇರಿ ರಾಬಿನ್‌ಸನ್ 1971ರಲ್ಲಿ ಗರ್ಭನಿರೋಧಕಗಳನ್ನು ಕಾನೂನುಬದ್ಧ ಮಾಡುವ ಮಸೂದೆ ತಂದಾಗ ಮೊದಲ ಹಂತ ದಾಟಲೂ ಸದನ ಬಿಡಲಿಲ್ಲ. ಆ ವಿಷಯದಲ್ಲಿ ಸರ್ಕಾರವೇ ಕಾನೂನು ತಂದದ್ದು 1979ರಲ್ಲಿ, ಅದೂ ಬಿಗಿ ಷರತ್ತುಗಳೊಂದಿಗೆ. ರಾಬಿನ್‌ಸನ್ 1990ರಲ್ಲಿ ರಾಷ್ಟ್ರಾಧ್ಯಕ್ಷೆಯಾದರು. ಮೊದಲ ಹಂತದಲ್ಲೇ ಬಿದ್ದ ಮಸೂದೆಯನ್ನು ವ್ಯರ್ಥವೆಂದು ಪಟ್ಟಿಯಿಂದ ಕೈಬಿಡುವವರು ಇದನ್ನು ಗಮನಿಸಬೇಕು.

ಈ ಸದನ ಬೇಕೇ ಬೇಡವೇ ಎಂದು 4 ಅಕ್ಟೋಬರ್ 2013ರಂದು ಜನಮತ ನಡೆದಾಗ ರದ್ದತಿಯ ವಿರುದ್ಧ ಶೇ. 51.7 ಮತ ಬಿತ್ತು. ಗೋವಾಕ್ಕೆ ಎರಡನೇ ಸದನ ಬೇಕೆಂದು ನಾವು ಹೇಳುವುದಿಲ್ಲ. ಆದರೆ ಕಲಂ ಕಲಮಾಗಿ ಮಸೂದೆ ಓದುವವರು ಎಲ್ಲೋ ಒಂದು ಕಡೆ ಇರಲೇಬೇಕು. ಒಂದೇ ಸದನವಿರುವಲ್ಲಿ ಆ ಹೊರೆ ಅಲ್ಲಿನ ಶಾಸಕರ ಮೇಲೇ ಬೀಳುತ್ತದೆ.

ಮತದಾನದ ಪುಟದಲ್ಲಿ 'ಟಾ', 'ನೀಲ್' ಎಂದಿದೆ. ಏನದು? (ಮುಲುಂಡ್)

ಟಾ ಎಂದರೆ ಪರ, ನೀಲ್ ಎಂದರೆ ವಿರೋಧ. ಯಾವುದರ ಪರ ಎಂದು ಮೇಲಿನ ಸಾಲಿನಲ್ಲಿ ನೋಡಿಕೊಳ್ಳಿ. ಕೆಲವೊಮ್ಮೆ ಮತಕ್ಕೆ ಹಾಕುವುದು 'ಈ ಕಲಂ ಉಳಿಯಲಿ' ಎಂದು, ಕೆಲವೊಮ್ಮೆ 'ತಿದ್ದುಪಡಿ ಆಗಲಿ' ಎಂದು. ಒಂದೇ ಸೆನೆಟರ್ ಒಂದೇ ದಿನ ಎರಡೂ ಕಡೆ ಕಂಡರೆ ಮಾತು ಬದಲಿಸಿದರೆಂದಲ್ಲ. ಧ್ವನಿಮತದಲ್ಲಿ ಮುಗಿದದ್ದಕ್ಕೆ ಹೆಸರುಗಳ ಪಟ್ಟಿ ಇರುವುದಿಲ್ಲ.

ಸದನದಲ್ಲಿ ಹೇಳಿದ್ದನ್ನು ನಮ್ಮ ಸಂಘದ ಪತ್ರಿಕೆಯಲ್ಲಿ ಉಲ್ಲೇಖಿಸುವಾಗ ಏನೇನು ಬರೆಯಬೇಕು? (ಮಡಗಾಂವ್)

ಸದನದ ಹೆಸರು, ದಿನಾಂಕ, ಸಂಪುಟ ಸಂಖ್ಯೆ, ಮಸೂದೆ ಅಥವಾ ವಿಷಯದ ಹೆಸರು, ಹಂತ. ಹಳೆಯ ಮುದ್ರಿತ ಸಂಪುಟಗಳಲ್ಲಿ ಕಾಲಂ ಸಂಖ್ಯೆಯೂ ಇರುತ್ತದೆ, ಅದನ್ನೂ ಸೇರಿಸಿ. ಡಾಲ್‌ಗೂ ಶ್ಯಾನಡ್‌ಗೂ ಸಂಪುಟಗಳ ಸಂಖ್ಯೆ ಬೇರೆಬೇರೆ, ಆದ್ದರಿಂದ ಸದನದ ಹೆಸರು ಬಿಟ್ಟರೆ ಓದುಗ ಬೇರೆ ಪುಟಕ್ಕೆ ಹೋಗಿಬಿಡುತ್ತಾನೆ. ಐರಿಷ್ ನುಡಿಯಲ್ಲಿ ಆಡಿದ ಮಾತು ಐರಿಷ್‌ನಲ್ಲೇ ಅಚ್ಚಾಗಿರುತ್ತದೆ. ಅನುವಾದ ನಿಮ್ಮದಾದರೆ ಹಾಗೆಂದು ಬರೆಯಿರಿ. ಸದನದಲ್ಲಿ ಆಡಿದ ಮಾತಿಗೆ ಸೆನೆಟರ್ ನ್ಯಾಯಾಲಯದಲ್ಲಿ ಉತ್ತರಿಸಬೇಕಿಲ್ಲವೆಂದು ಐರಿಷ್ ಸಂವಿಧಾನದ 15ನೇ ವಿಧಿ ಹೇಳುತ್ತದೆ. ಆ ರಕ್ಷಣೆ ಅವರಿಗೆ. ಅದೇ ಮಾತನ್ನು ಅರ್ಧ ಕತ್ತರಿಸಿ, ಯಾರದೋ ಮೇಲಿನ ಆರೋಪವಾಗಿ ನಿಮ್ಮ ಪತ್ರಿಕೆಯಲ್ಲಿ ಹಾಕಿದರೆ ಹೊಣೆ ನಿಮ್ಮದೇ. ಉಲ್ಲೇಖಿಸುವಾಗ ಇಡೀ ವಾಕ್ಯ, ಸಾಧ್ಯವಾದರೆ ಸಚಿವರ ಉತ್ತರ ಕೂಡ ಕೊಡಿ.