ಕಮಾನು ಕಟ್ಟಿಸಲಾ?

ಪ್ರಶ್ನೆ: ನಾನು ಗಣಿತದ ಮೇಷ್ಟ್ರು, ನಿವೃತ್ತನಾಗಿ ವರ್ಷವಾಯಿತು. ಮದ್ದೂರು ಕಡೆಯ ಹಳ್ಳಿ. ಮಕ್ಕಳಿಲ್ಲ. ನಾನು ಹೋದ ಮೇಲೆ ನನ್ನ ಹೆಸರು ಹೇಳೋರು ಯಾರು ಅಂತ ಯೋಚಿಸಿ ನಿದ್ದೆ ಬರುತ್ತಿಲ್ಲ. ನಿವೃತ್ತಿ ಹಣದಲ್ಲಿ 8 ಲಕ್ಷ ಹಾಕಿ ಊರ ಬಾಗಿಲಲ್ಲಿ ಕಮಾನು ಕಟ್ಟಿಸಿ, ಅಪ್ಪನ ಹೆಸರು, ನನ್ನ ಹೆಸರು ಕೆತ್ತಿಸಬೇಕೆಂದಿದ್ದೇನೆ. ಹೆಂಡತಿ ಬೇಡ ಅನ್ನುತ್ತಿಲ್ಲ, ಹೂಂ ಅಂತಲೂ ಅನ್ನುತ್ತಿಲ್ಲ.

ಉತ್ತರ: ಮೇಷ್ಟ್ರೇ, ಸದ್ಯಕ್ಕೆ ಕಮಾನು ಬೇಡ. ನಿಮ್ಮ ಆಸೆ ತಪ್ಪು ಅಂತಲ್ಲ. ಮಕ್ಕಳಿಲ್ಲದವರಿಗೆ ಈ ದಿಗಿಲು ಇನ್ನೂ ಜಾಸ್ತಿ ಕಾಡುತ್ತದೆ, ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ನಿಮ್ಮ ಮೇಲೆ ನನಗೆ ಗೌರವವಿದೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಸಾಲು. ಹೂಂ ಅನ್ನದ ಹೆಂಡತಿ ಸುಮ್ನೆ ಇಲ್ಲ. ನಾಳೆ ನೀವಿಲ್ಲದಿದ್ದರೆ ಆಸ್ಪತ್ರೆ ಖರ್ಚಿಗೆ ಯಾರ ಮುಂದೆ ಕೈ ಚಾಚಲಿ ಅನ್ನೋ ಲೆಕ್ಕ ಅವರ ತಲೆಯಲ್ಲಿ ಓಡುತ್ತಿರಬಹುದು.

ಹಾಗಾಗಿ ಮೊದಲು ಒಂದು ವಿಲ್ ಬರೆಯಿರಿ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಕಿಲ್ಲ. ನೀವು ಸಹಿ ಹಾಕಿ, ಇಬ್ಬರು ಸಾಕ್ಷಿಗಳಿಂದಲೂ ಹಾಕಿಸಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಎಲ್ಲ ಬರವಣಿಗೆಯಲ್ಲಿದ್ದರೆ ನಿಮ್ಮ ಹೆಂಡತಿ ನಿಮ್ಮ ಅಣ್ಣತಮ್ಮಂದಿರ ಮನೆಯವರ ಜೊತೆ ವಾದಕ್ಕೆ ನಿಲ್ಲುವ ಪ್ರಸಂಗ ಬರುವುದು ಕಡಿಮೆ.

ಇನ್ನು ಹೆಸರಿನ ವಿಷಯ. ನಿಮ್ಮ ಮದ್ದೂರು ತಾಲ್ಲೂಕಿನದೇ ಆತಕೂರು ಶಾಸನ ನಿಮಗೆ ಗೊತ್ತಿರುತ್ತದೆ, ಸುಮಾರು ಕ್ರಿ.ಶ. 949ರದ್ದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಅನ್ನೋ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು, ಅದರ ಒಡೆಯ ಮಣಲರ ಅದಕ್ಕಾಗಿ ಕಲ್ಲು ನಿಲ್ಲಿಸಿದ. ದೊಡ್ಡ ಯುದ್ಧದ ಮಾತೂ ಆ ಕಲ್ಲಿನಲ್ಲಿದೆ, ರಾಜರ ಹೆಸರೂ ಇದೆ, ಆದರೂ ಜನ ಇವತ್ತಿಗೂ ಹೇಳುವುದು ನಾಯಿಯ ಕಥೆ. ಮಣಲರನ ಹೆಸರು ನಮ್ಮ ಬಾಯಿಗೆ ಬರುವುದೂ ಆ ನಾಯಿಯಿಂದಲೇ ಅಲ್ವಾ?

ನಿಮ್ಮ ಕೈಯಲ್ಲಿ ಗಣಿತ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಹೆದರಿ ಓದು ಬಿಡುವ ಮಕ್ಕಳು ನಿಮ್ಮ ಬೀದಿಯಲ್ಲೇ ಇರುತ್ತಾರೆ. ಸಂಜೆ ಜಗಲಿಯ ಮೇಲೆ ನಾಲ್ಕು ಜನರನ್ನು ಕೂರಿಸಿಕೊಳ್ಳಿ, ದುಡ್ಡು ತೆಗೆದುಕೊಳ್ಳಬೇಡಿ. ಭಿನ್ನರಾಶಿ ಅರ್ಥವಾಗದ ಹುಡುಗನಿಗೆ ಇಷ್ಟು ವರ್ಷ ಹೇಗೆ ಹೇಳಿಕೊಟ್ಟಿರಿ ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ಬರುವ ಮೇಷ್ಟ್ರಿಗೆ ಅದು ಬೇಕಾಗುತ್ತದೆ, ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಕಣ್ಣು ದಾನಕ್ಕೂ ಹೆಸರು ಕೊಡಿ. ಕನ್ನಡಕ ಇದ್ದರೂ, ಸಕ್ಕರೆ ಕಾಯಿಲೆ ಇದ್ದರೂ ಕೊಡಬಹುದು. ಸತ್ತ 6 ಗಂಟೆಯೊಳಗೆ ತೆಗೆಯಬೇಕು, ಆದ್ದರಿಂದ ಮನೆಯವರಿಗೆ ಗೊತ್ತಿರಲೇಬೇಕು. 2021ರಲ್ಲಿ ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು.

ಇಷ್ಟೆಲ್ಲ ಆದ ಮೇಲೂ ಅಪ್ಪನ ಹೆಸರಲ್ಲಿ ಏನಾದರೂ ಮಾಡಲೇಬೇಕು ಅನ್ನಿಸಿದರೆ ಶಾಲೆಗೆ ಎರಡು ಬೀರು, ಒಂದಿಷ್ಟು ಪುಸ್ತಕ ಕೊಡಿಸಿ, 8 ಲಕ್ಷ ಬೇಕಾಗುವುದಿಲ್ಲ. ಇವತ್ತು ರಾತ್ರಿ ಊಟ ಆದ ಮೇಲೆ ಮನೆಯವರನ್ನು ಕೂರಿಸಿಕೊಂಡು, "ನಿನಗೇನು ಆಸೆ ಇತ್ತು?" ಅಂತ ಕೇಳಿ. ಅವರು ಏನಂದರು ಅಂತ ನನಗೆ ಬರೆಯಿರಿ.