ಗೋಜು ರ್ಯು ಕರಾಟೆ ಎಷ್ಟು ಹಳೆಯದು?

ಪ್ರಶ್ನೆ: ನನ್ನ ಮಗಳು ಎರಡು ವರ್ಷಗಳಿಂದ ಗೋಜು ರ್ಯು ಕರಾಟೆ ಕಲಿಯುತ್ತಿದ್ದಾಳೆ. ಇದು ಸಾವಿರಾರು ವರ್ಷ ಹಳೆಯ ಪದ್ಧತಿ, ಬೌದ್ಧ ಭಿಕ್ಷು ಬೋಧಿಧರ್ಮ ನಮ್ಮ ದೇಶದಿಂದ ಚೀನಾಕ್ಕೆ ಒಯ್ದ ವಿದ್ಯೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ನಿಜವೇ? ಸಾಂಚಿನ್ ಎಂಬ ಒಂದೇ ಅಭ್ಯಾಸವನ್ನು ಪದೇ ಪದೇ ಮಾಡಿಸುವುದೇಕೆ?
— ಓದುಗರೊಬ್ಬರು, ಬೆಟಗೇರಿ, ಗದಗ

ಉತ್ತರ: ಗೋಜು ರ್ಯು ಎಂಬ ಹೆಸರಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಬೋಧಿಧರ್ಮನದು ಗೌರವದಿಂದ ಕೇಳಬೇಕಾದ ಐತಿಹ್ಯವೇ ಹೊರತು, ಈ ಪದ್ಧತಿಯನ್ನು ಅವನವರೆಗೆ ಒಯ್ಯುವ ಚಾರಿತ್ರಿಕ ಆಧಾರವಿಲ್ಲ. ಇದರ ನಿಜವಾದ ತವರು ಒಕಿನಾವಾದ ನಾಹಾ ಬಂದರು. 1879ರಲ್ಲಿ ಜಪಾನಿನ ಪ್ರಾಂತವಾಗುವ ಮೊದಲು ಒಕಿನಾವಾ ರ್ಯುಕ್ಯು ರಾಜ್ಯಕ್ಕೆ ಸೇರಿತ್ತು. ಆ ರಾಜ್ಯವು ಚೀನಾದ ಫುಝೌ ನಗರದೊಂದಿಗೆ ಶತಮಾನಗಳ ಕಾಲ ಹಡಗಿನ ವ್ಯವಹಾರ ಇಟ್ಟುಕೊಂಡಿದ್ದರಿಂದ, ಸರಕು ಬಂದ ದಾರಿಯಲ್ಲಿಯೇ ಅಲ್ಲಿನ ಕೈವರಸೆಯೂ ಬಂದಿತು. ನಾಹಾದ ಹಿಗಾವೊನ್ನಾ ಕಾನ್ರ್ಯೋ (1853–1915) ಫುಝೌಗೆ ಹೋಗಿ ಕಲಿತು, ಮರಳಿ ಬಂದು ಊರಿನಲ್ಲಿ ಕಲಿಸಿದರು. ಅದಕ್ಕೆ ನಾಹಾ-ತೆ, ಅಂದರೆ ನಾಹಾದ ಕೈ ಎಂದು ಹೆಸರಾಯಿತು.

ಅವರ ಶಿಷ್ಯ ಮಿಯಾಗಿ ಚೋಜುನ್ (1888–1953) ಆ ವಿದ್ಯೆಗೆ ಇಂದಿನ ರೂಪ ಕೊಟ್ಟವರು. 1930ರಲ್ಲಿ ಟೋಕಿಯೋದ ಪ್ರದರ್ಶನವೊಂದರಲ್ಲಿ ಮಿಯಾಗಿಯವರ ಹಿರಿಯ ಶಿಷ್ಯ ಶಿನ್‌ಝಾತೊ ಜಿನ್‌ಆನ್ ಅವರನ್ನು ‘ನಿಮ್ಮದು ಯಾವ ಪಂಥ?’ ಎಂದು ಕೇಳಿದಾಗ ಹೇಳಲು ಹೆಸರೇ ಇರಲಿಲ್ಲವಂತೆ. ಆ ಬಳಿಕ ಮಿಯಾಗಿಯವರು, ಕೈಬರಹದ ಪ್ರತಿಗಳಲ್ಲಿ ಉಳಿದುಬಂದಿದ್ದ ‘ಬುಬಿಶಿ’ ಎಂಬ ಚೀನೀ ಗ್ರಂಥದ ಸಾಲೊಂದರಿಂದ ಹೆಸರನ್ನು ಆರಿಸಿದರು. ಉಸಿರಿನ ಒಳಹೊರಗಿನಲ್ಲಿ ಕಠಿಣವೂ ಮೃದುವೂ ಇವೆ ಎಂಬುದು ಆ ಸಾಲಿನ ಭಾವ. ಗೋ ಎಂದರೆ ಕಠಿಣ, ಜು ಎಂದರೆ ಮೃದು. ಶಿನ್‌ಝಾತೊ 1945ರ ಒಕಿನಾವಾ ಯುದ್ಧದಲ್ಲಿ ತೀರಿಕೊಂಡರು. ಮುಂದಿನ ವಾರಸುದಾರನೆಂದು ನೆಚ್ಚಿಕೊಂಡಿದ್ದ ಶಿಷ್ಯನನ್ನು ಕಳೆದುಕೊಂಡ ಮೇಲೂ ಮಿಯಾಗಿ ಪಾಠವನ್ನು ಮುಂದುವರಿಸಿದ್ದು ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ದೊಡ್ಡ ಸಂಗತಿ.

ಅಭ್ಯಾಸದ ಸಲಕರಣೆಗಳು ನಮ್ಮ ಭಾಗದವರಿಗೆ ಅಪರಿಚಿತವೆನಿಸಲಾರವು. ಮರದ ಹಿಡಿಗೆ ಕಲ್ಲು ಕೂಡಿಸಿದ ಚಿಇಶಿಯನ್ನು ಕಂಡರೆ ಗರಡಿಮನೆಯ ಪೈಲವಾನರಿಗೆ ತಮ್ಮ ಗದೆಯೇ ನೆನಪಾದೀತು.

ಹೊಸಬರಿಗಾಗಿ ಮಿಯಾಗಿಯವರು 1940ರಲ್ಲಿ ಗೆಕಿಸೈ ಎಂಬ ಸರಳ ಕಾತಾಗಳನ್ನು, ಅಂದರೆ ಕ್ರಮವಾಗಿ ಜೋಡಿಸಿದ ವರಸೆಗಳ ಸರಣಿಗಳನ್ನು, ರಚಿಸಿದರು. ತಮ್ಮ ಮಗಳು ಅವುಗಳನ್ನೂ ಕಲಿತಿರಬಹುದು. ಆದರೆ ಬುಡ ಸಾಂಚಿನ್. ಅಂಗಾಲಿನಿಂದ ನೆಲವನ್ನು ಹಿಡಿದು, ಹೊಟ್ಟೆಯಿಂದ ಉಸಿರೆಳೆದು ಬಿಡುತ್ತ ನಿಧಾನವಾಗಿ ಹೆಜ್ಜೆಯಿಡುವ ಶಿಷ್ಯನ ಹೆಗಲನ್ನೂ ತೊಡೆಯನ್ನೂ ಗುರುಗಳು ಮುಟ್ಟಿ ತಟ್ಟಿ ಪರೀಕ್ಷಿಸುತ್ತಾರೆ. ನಿಲುವು ಅಲುಗಿದರೆ ಮತ್ತೆ ಮೊದಲಿನಿಂದ. ಹಿಗಾವೊನ್ನಾ ಅವರೂ ಶಿಷ್ಯರಿಗೆ ವರ್ಷಗಟ್ಟಲೆ ಇದನ್ನೇ ಮಾಡಿಸುತ್ತಿದ್ದರು.