ಪ್ರತಿಕ್ರಿಯೆ: ನುರಿತವರಿಗೇ ಆಯಾ ಕೆಲಸ ಕೊಟ್ಟರೆ ಸಾಲದೇ?

ಬದಿಯಡ್ಕದ ನಿಮ್ಮ ಅಡಿಕೆ ಘಟಕದಲ್ಲಿ ಐವರಿಗೆ ಐದು ಕೆಲಸಗಳನ್ನು ಹಂಚುವಾಗ, ಪ್ರತಿ ಕೆಲಸಕ್ಕೂ ಅದರಲ್ಲಿ ಹೆಚ್ಚು ನುರಿತವರನ್ನೇ ಹಾಕಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಒಬ್ಬರಿಗೆ ಸುಲಿಯುವುದರಲ್ಲಿ 9, ಆಯುವುದರಲ್ಲಿ 8 ಅಂಕವಿದ್ದು, ಇನ್ನೊಬ್ಬರಿಗೆ ಕ್ರಮವಾಗಿ 8 ಮತ್ತು 3 ಇದ್ದರೆ, ಮೊದಲನೆಯವರನ್ನು ಸುಲಿಯಲು ಕೂರಿಸಿದಾಗ ಒಟ್ಟು 12 ಮಾತ್ರ ಸಿಗುತ್ತದೆ. ಅದಲುಬದಲು ಮಾಡಿದರೆ 16.

ಐವರನ್ನು 120 ಬಗೆಗಳಲ್ಲಿ ಹಂಚಬಹುದು. ಹತ್ತು ಮಂದಿಗೆ ಹತ್ತು ಕೆಲಸವಾದರೆ 36,28,800 ಬಗೆಗಳು. ಅವೆಲ್ಲವನ್ನೂ ಪರಿಶೀಲಿಸದೆಯೇ ಅತ್ಯುತ್ತಮ ಹಂಚಿಕೆಯನ್ನು ಕಂಡುಕೊಳ್ಳುವ ಕ್ರಮವನ್ನು ಅಮೆರಿಕದ ಗಣಿತಜ್ಞ ಹೆರಾಲ್ಡ್ ಕೂನ್ 1955ರಲ್ಲಿ ಪ್ರಕಟಿಸಿದರು. ಹಂಗೇರಿಯ ಗಣಿತಜ್ಞರಾದ ಕೋನಿಗ್ ಮತ್ತು ಎಗರ್ವಾರಿ ಅವರ ಕೆಲಸವನ್ನು ಆಧರಿಸಿದ್ದರಿಂದ ಅದಕ್ಕೆ ಹಂಗೇರಿಯನ್ ವಿಧಾನವೆಂದು ಹೆಸರಿಟ್ಟರು. ಮೊದಲು ಜನರನ್ನು ಅಡ್ಡಸಾಲುಗಳಲ್ಲೂ ಕೆಲಸಗಳನ್ನು ಕಂಬಸಾಲುಗಳಲ್ಲೂ ಇಟ್ಟು ಅಂಕಗಳ ಕೋಷ್ಟಕ ಮಾಡಿಕೊಳ್ಳಿ. ನಮಗೆ ಬೇಕಾದದ್ದು ಗರಿಷ್ಠ ಮೊತ್ತ, ಆದರೆ ಈ ವಿಧಾನ ಕನಿಷ್ಠ ಮೊತ್ತವನ್ನು ಹುಡುಕುವುದರಿಂದ, ಕೋಷ್ಟಕದ ಗರಿಷ್ಠ ಅಂಕದಿಂದ ಪ್ರತಿ ಅಂಕವನ್ನೂ ಕಳೆದು ಬರೆದುಕೊಳ್ಳಿ. ಕೆಲಸಕ್ಕಿಂತ ಜನ ಹೆಚ್ಚಿದ್ದರೆ, ಹೆಚ್ಚಿರುವ ಪ್ರತಿಯೊಬ್ಬರಿಗೂ ಒಂದರಂತೆ ಸೊನ್ನೆಗಳ ಕಂಬಸಾಲುಗಳನ್ನು ಸೇರಿಸಿದರಾಯಿತು.

ನನ್ನ ದೃಷ್ಟಿಯಲ್ಲಿ ನಿಜವಾಗಿ ಕಷ್ಟವಾದದ್ದು ಅಂಕ ಕೊಡುವ ಕೆಲಸ. ಮೇಲ್ವಿಚಾರಕರ ಅನಿಸಿಕೆಯನ್ನು ನಂಬುವ ಬದಲು, ಪ್ರತಿಯೊಬ್ಬರೂ ಗಂಟೆಗೆ ಎಷ್ಟು ಕಿಲೋ ಮುಗಿಸುತ್ತಾರೆ ಎಂಬುದನ್ನು ಒಂದು ವಾರ ಬರೆದಿಡಿ. ಆದರೆ ಸುಲಿದ ಕಿಲೋವನ್ನೂ ಆಯ್ದ ಕಿಲೋವನ್ನೂ ನೇರವಾಗಿ ಕೂಡಿಸಬಾರದು. ಎರಡನ್ನೂ ಮೊದಲು ಕೂಲಿಯ ಮೌಲ್ಯಕ್ಕೆ ಪರಿವರ್ತಿಸಿಕೊಳ್ಳಿ.